ಕೊನೆಯ ಕಂತು ಕಟ್ಟದ ಕಥೆಗಳು

ಕಥೆಯಲ್ಲಿ ತರ್ಕ ಹುಡುಕಬಾರದು ಎಂಬ ಮಾತನ್ನು ನಾವೆಲ್ಲ ಕೇಳುತ್ತಲೇ ಬಂದಿದ್ದೇವೆ. ಟಿ.ವಿ.ಯಲ್ಲಿ ಬರುವ ವೈಜ್ಞಾನಿಕ ಕಥೆಗಳ ಬಗ್ಗೆ ಯಾರಾದರೂ ತಕರಾರು ತೆಗೆದರಂತೂ ಈ ಮಾತು ತಪ್ಪದೆ ಬರುತ್ತದೆ. ಮನುಷ್ಯ ಗಾಳಿಯಲ್ಲಿ ಹಾರುತ್ತಾನೆ, ಯಂತ್ರವೊಂದು ನಿನ್ನೆಗೂ ನಾಳೆಗೂ ಓಡಾಡುತ್ತದೆ ಎಂಬುದನ್ನೇ ಒಪ್ಪಿಕೊಂಡ ಮೇಲೆ ಮಿಕ್ಕಿದ್ದಕ್ಕೆಲ್ಲ ಲೆಕ್ಕ ಕೇಳುವುದು ಯಾವ ನ್ಯಾಯ ಎನ್ನುತ್ತಾರೆ. ಮೇಲ್ನೋಟಕ್ಕೆ ಸರಿ ಎನ್ನಿಸುವ ಈ ವಾದ ಬುಡದಲ್ಲೇ ಸಡಿಲವಾಗಿದೆ.

ಕಾಗೆ ಗುಬ್ಬಿ ಕಥೆಯನ್ನೇ ತೆಗೆದುಕೊಳ್ಳೋಣ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಹಕ್ಕಿಗಳು ಮನೆ ಕಟ್ಟುವುದನ್ನೂ ಮಾತಾಡುವುದನ್ನೂ ಯಾವ ಮಗುವೂ ಪ್ರಶ್ನಿಸುವುದಿಲ್ಲ. ಆದರೆ ಅಜ್ಜಿ ಮರೆತು, ಮಳೆಗೆ ಕಲ್ಲಿನ ಮನೆ ಕರಗಿಹೋಯಿತು ಎಂದುಬಿಟ್ಟರೆ ತೊಡೆಯ ಮೇಲೆ ತೂಕಡಿಸುತ್ತಿದ್ದ ಮಗು ಎದ್ದು ಕೂರುತ್ತದೆ. ಅದು ಕೇಳುತ್ತಿರುವುದು ಲೋಕದ ತರ್ಕವನ್ನಲ್ಲ, ಕಥೆ ತಾನಾಗಿಯೇ ಹಾಕಿಕೊಂಡ ತರ್ಕವನ್ನು. ಕಥೆಯ ತೂತು ಎಂದು ನಾವು ಕರೆಯುವುದು ಇದನ್ನೇ. ಲೋಕದಲ್ಲಿ ಇಲ್ಲದ್ದನ್ನು ಹೇಳಿದರೆ ಅದು ತೂತಲ್ಲ. ತಾನು ಹೇಳಿದ್ದನ್ನು ತಾನೇ ಮುರಿದರೆ ತೂತು.

ಇದನ್ನು ಸ್ಪಷ್ಟಪಡಿಸಿಕೊಳ್ಳದೆ ಹೋದರೆ ವಿಮರ್ಶೆ ಬರೀ ಕೊಂಕು ಹುಡುಕುವ ಕೆಲಸವಾಗುತ್ತದೆ. ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ 'ಶಕ್ತಿಮಾನ್' ಧಾರಾವಾಹಿಯನ್ನು ನೆನಪಿಸಿಕೊಳ್ಳಿ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬೀದಿಯಲ್ಲಿ ಮಕ್ಕಳೇ ಕಾಣದಂತೆ ಮಾಡಿದ ಧಾರಾವಾಹಿ ಅದು. ಉಬ್ಬುಹಲ್ಲು, ದಪ್ಪ ಕನ್ನಡಕದ ಗಂಗಾಧರನೇ ಶಕ್ತಿಮಾನ್ ಎಂಬುದು ಸುತ್ತಲಿದ್ದವರಿಗೆ ಏಕೆ ಹೊಳೆಯುವುದಿಲ್ಲ ಎಂದು ನಗುವವರಿದ್ದಾರೆ. ನಮ್ಮ ಪ್ರಕಾರ ಇದು ತೂತಲ್ಲ. ಮೊದಲ ದಿನವೇ ನೋಡುಗರೊಂದಿಗೆ ಮಾಡಿಕೊಂಡ ಒಪ್ಪಂದ. ಬಯಲಾಟದಲ್ಲಿ ಗಂಡಸು ಸೀರೆಯುಟ್ಟು ದ್ರೌಪದಿಯಾಗಿ ಬಂದಾಗ ನಾವು ಮೀಸೆಯ ಗುರುತು ಹುಡುಕುತ್ತೇವೆಯೇ? ಆದರೆ ಗಿರಗಿರನೆ ಸುತ್ತಿ ಕಣ್ಣು ಮಿಟುಕಿಸುವುದರೊಳಗೆ ಎಲ್ಲಿಗೆ ಬೇಕಾದರೂ ತಲುಪಬಲ್ಲವನು ಅಪಾಯದ ಹೊತ್ತಿನಲ್ಲಿ ಮಾತ್ರ ಕಡೆಯ ಕ್ಷಣಕ್ಕೇ ಬಂದು ನಿಲ್ಲುವುದು ತೂತು. ಅವನ ವೇಗವನ್ನು ಹೇಳಿದ್ದು ಕಥೆಯೇ, ಮರೆತದ್ದೂ ಕಥೆಯೇ.

ಆ ಧಾರಾವಾಹಿಯ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ಅದರಲ್ಲಿ ನಾಯಕನ ಬಲ ಬರುವುದು ಯೋಗದಿಂದ, ಪಂಚಭೂತಗಳಿಂದ. ಪ್ರಯೋಗಶಾಲೆ ಇರುವುದು ಬಹುಮಟ್ಟಿಗೆ ಖಳರ ಪಾಳೆಯದಲ್ಲಿ. ಡಾಕ್ಟರ್ ಜೈಕಾಲ್ ಎಂಬ ತಲೆಕೆಟ್ಟ ವಿಜ್ಞಾನಿಯ ಕೈಯಲ್ಲಿ. ಹೀಗೆ ಹಂಚಿದ ಮೇಲೆ ಕಥೆಗೆ ಒಂದು ಅನುಕೂಲವಾಯಿತು. ಖಳನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಬಹುದು, ನಾಯಕನ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವಂತಿಲ್ಲ. ಕೇಳುವಂತಿಲ್ಲದ ಜಾಗದಲ್ಲಿ ಎಷ್ಟು ತೂತು ಬಿದ್ದರೂ ಮುಚ್ಚುವ ಗೋಜಿರುವುದಿಲ್ಲ.

ಇನ್ನು ಅಂತ್ಯದ ವಿಷಯ. ಕನ್ನಡದಲ್ಲಿ ಕಂತು ಎಂಬ ಪದಕ್ಕೆ ಎರಡು ಬಳಕೆಗಳಿವೆ. ಧಾರಾವಾಹಿಯ ಒಂದು ಭಾಗವೂ ಕಂತು, ಸಾಲ ತೀರಿಸಲು ಕಟ್ಟುವ ಹಣವೂ ಕಂತು. ತೋವಿನಕೆರೆಯಂಥ ಊರುಗಳಲ್ಲಿ ಸ್ತ್ರೀಶಕ್ತಿ ಸಂಘಕ್ಕೆ ವಾರವಾರ ಹಣ ಕಟ್ಟುವ ಹೆಣ್ಣುಮಕ್ಕಳಿಗೆ ಎರಡೂ ಗೊತ್ತು. ಧಾರಾವಾಹಿಯೂ ಒಂದು ಬಗೆಯ ಸಾಲವೇ. ಪ್ರತಿ ಕಂತಿನಲ್ಲಿ ಒಂದು ಗಂಟು ಹಾಕಿ, ಬಿಚ್ಚುವುದು ಆಮೇಲೆ ಎಂದು ಹೇಳಿ ಅದು ನಮ್ಮಿಂದ ಸಮಯವನ್ನೂ ನಂಬಿಕೆಯನ್ನೂ ಕಡ ತೆಗೆದುಕೊಳ್ಳುತ್ತದೆ. ಕೊನೆಯ ಕಂತಿನಲ್ಲಿ ಅದನ್ನು ತೀರಿಸಬೇಕು. ಸಾಮಾಜಿಕ ಧಾರಾವಾಹಿಗಳು ಮದುವೆಯನ್ನೋ ಮರಣವನ್ನೋ ತೋರಿಸಿ ಹೇಗೋ ಲೆಕ್ಕ ಚುಕ್ತಾ ಮಾಡಿಬಿಡುತ್ತವೆ. ವೈಜ್ಞಾನಿಕ ಕಥೆಗೆ ಆ ರಿಯಾಯಿತಿ ಇಲ್ಲ. 'ಇದು ಹೇಗೆ ಸಾಧ್ಯ' ಎಂಬ ಕುತೂಹಲವನ್ನೇ ಬಂಡವಾಳ ಮಾಡಿಕೊಂಡು ಹೊರಟ ಕಥೆ ಅದು. ಹೇಗೆ ಎಂಬುದಕ್ಕೆ ಉತ್ತರ ಹೇಳದೆ ಎದ್ದುಹೋದರೆ ಅಸಲೇ ಮುಳುಗಿದಂತೆ.

ಸಾಲ ತೀರದೆ ಹೋದದ್ದಕ್ಕೆ ಕಥೆಗಾರರನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ದೂರದರ್ಶನದಲ್ಲಿ ವೈಜ್ಞಾನಿಕ ಕಥೆ ಹೇಳುವ ಪ್ರಯತ್ನಗಳು ಚೆನ್ನಾಗಿಯೇ ಶುರುವಾಗಿದ್ದವು. 1989ರ 'ಇಂದ್ರಧನುಷ್'ನಲ್ಲಿ ಕಂಪ್ಯೂಟರ್ ಜೋಡಿಸುವ ಮಕ್ಕಳಿದ್ದರು, ಕಾಲಯಾನವಿತ್ತು, ನಮ್ಮ ಗಿರೀಶ ಕಾರ್ನಾಡರೂ ಇದ್ದರು. 1998ರಲ್ಲಿ ಕೇತನ್ ಮೆಹ್ತಾ ಅವರ 'ಕ್ಯಾಪ್ಟನ್ ವ್ಯೋಮ್' ಬಂತು. ಬಿಗಿಭದ್ರತೆಯ ಸೆರೆಮನೆಯಿಂದ ಹನ್ನೆರಡು ಮಂದಿ ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ, ಅವರನ್ನು ನಾಯಕ ಹಿಡಿಯಬೇಕು. ಎಣಿಕೆಯಿರುವ ಕಥೆ ಇದು. ಎಷ್ಟು ಮಂದಿ ಸಿಕ್ಕರು, ಎಷ್ಟು ಮಂದಿ ಉಳಿದರು ಎಂದು ಮಗುವೂ ಬೆರಳು ಮಡಚಿ ಲೆಕ್ಕ ಹಾಕಬಹುದು. ಗುರಿಯನ್ನು ಮೊದಲೇ ಹೇಳಿಬಿಡುವ ಈ ಧೈರ್ಯ ಒಂದು ದೊಡ್ಡ ಗುಣ.

ಆದರೆ ಆ ಕಾಲದ ವ್ಯವಸ್ಥೆಯೇ ಕಥೆಗೆ ಒಗ್ಗುವಂಥದ್ದಾಗಿರಲಿಲ್ಲ. ನಿರ್ಮಾಪಕರು ದೂರದರ್ಶನಕ್ಕೆ ಪ್ರಸಾರ ಶುಲ್ಕ ಕಟ್ಟಬೇಕು, ಬದಲಿಗೆ ಸಿಕ್ಕ ಜಾಹೀರಾತು ಸಮಯವನ್ನು ಮಾರಿ ಹಣ ಹುಟ್ಟಿಸಿಕೊಳ್ಳಬೇಕು. ಅನುಮತಿ ಸಿಗುತ್ತಿದ್ದುದು ಹದಿಮೂರು, ಇಪ್ಪತ್ತಾರು ಕಂತುಗಳ ಲೆಕ್ಕದಲ್ಲಿ. ಮುಂದಿನ ಹದಿಮೂರು ಉಂಟೋ ಇಲ್ಲವೋ ತಿಳಿಯದವನು ಅಂತ್ಯವನ್ನು ಎಲ್ಲಿಡಬೇಕು? ಬೇಗ ಇಟ್ಟರೆ ಸಂಪಾದನೆ ಹೋಯಿತು, ತಡವಾಗಿ ಇಟ್ಟರೆ ಅಂತ್ಯವೇ ಹೋಯಿತು. 'ಶಕ್ತಿಮಾನ್' ನಿಲ್ಲಲು ಪ್ರಸಾರ ಶುಲ್ಕ ಏರುತ್ತಾ ಹೋದದ್ದೇ ಕಾರಣ ಎಂದು ಮುಕೇಶ್ ಖನ್ನಾ ಆಮೇಲಿನ ಸಂದರ್ಶನಗಳಲ್ಲಿ ಹೇಳಿದ್ದಾರೆ. ಎಂಟು ವರ್ಷದ ಕಥೆಗೆ ಕೊನೆ ಬರೆದದ್ದು ಲೇಖನಿಯಲ್ಲ, ಶುಲ್ಕದ ರಸೀದಿ.

ನಮ್ಮ ಕಡೆಯ ನೋಡುಗರಿಗೆ ಇದರ ಜೊತೆಗೆ ಬೇರೆ ತೂತುಗಳೂ ಇದ್ದವು. ಮೊದಲನೆಯದು ಕರೆಂಟಿನದು. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಬರುವಷ್ಟರಲ್ಲಿ ವಾರ್ತೆ ಬರುತ್ತಿತ್ತು. ಎರಡನೆಯದು ಭಾಷೆಯದು. ಈ ಕಥೆಗಳೆಲ್ಲ ಹಿಂದಿಯಲ್ಲಿದ್ದವು. ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯ ಊರುಗಳಲ್ಲಿ ಮನೆಯಲ್ಲಿ ದಖನಿ ಆಡುವ ಮುಸ್ಲಿಂ ಮಕ್ಕಳಿಗೆ ಅದು ಅಷ್ಟಿಷ್ಟು ತಿಳಿಯುತ್ತಿತ್ತು. ಕನ್ನಡದ ಮಕ್ಕಳಿಗೆ, ಪಾವಗಡದ ಕಡೆಯ ತೆಲುಗು ಮಕ್ಕಳಿಗೆ ಅವರೇ ದುಭಾಷಿಗಳು. ತಮಗೂ ತಿಳಿಯದ ಕಡೆ ಅವರು ತಮ್ಮ ಕಲ್ಪನೆಯಿಂದಲೇ ತೇಪೆ ಹಾಕುತ್ತಿದ್ದರು. ಎಷ್ಟೋ ಸಲ ಆ ತೇಪೆ ಮೂಲ ಬಟ್ಟೆಗಿಂತ ಗಟ್ಟಿಯಾಗಿರುತ್ತಿತ್ತು. ಒಂದೇ ಜಗುಲಿಯಲ್ಲಿ ಮೂರು ಭಾಷೆಯ ಮಕ್ಕಳು ಕೂತು ಒಂದು ಕಥೆಯನ್ನು ಪೂರ್ತಿ ಮಾಡಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ಅದರಿಂದ ಒಂದು ನಷ್ಟವೂ ಆಯಿತು. ಅರ್ಥವಾಗದ್ದು ಭಾಷೆಯಿಂದಲೋ ಕಥೆಯ ದೋಷದಿಂದಲೋ ತಿಳಿಯದೆ, ಎಲ್ಲ ತಪ್ಪೂ ತಮ್ಮದೇ ಎಂದು ಮಕ್ಕಳು ಸುಮ್ಮನಾದರು.

ಇಲ್ಲಿ ಡಬ್ಬಿಂಗ್ ವಿವಾದವನ್ನು ನೆನೆಯದೆ ಮುಂದೆ ಹೋಗಲಾಗದು. ಕನ್ನಡದ ಕಲಾವಿದರ, ತಂತ್ರಜ್ಞರ ಅನ್ನಕ್ಕೆ ಕುತ್ತು ಬಾರದಿರಲಿ ಎಂಬ ಕಾಳಜಿಯಿಂದ ದಶಕಗಳ ಕಾಲ ಡಬ್ಬಿಂಗ್ ಅನ್ನು ಇಲ್ಲಿ ತಡೆಯಲಾಯಿತು. ಆ ಕಾಳಜಿ ಪ್ರಾಮಾಣಿಕವಾದದ್ದೇ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೀಗೆ ತಡೆಯುತ್ತಿದ್ದ ಸಂಘಟನೆಗಳಿಗೆ ದಂಡ ವಿಧಿಸಿತು; 2020ರ ಲಾಕ್‌ಡೌನ್ ಹೊತ್ತಿಗೆ 'ಮಹಾಭಾರತ'ವೇ ಕನ್ನಡಕ್ಕೆ ಡಬ್ ಆಗಿ ಮನೆಮನೆಗೆ ಬಂತು. ಆದರೆ ತಡೆ ಇದ್ದ ಅಷ್ಟು ವರ್ಷಗಳಲ್ಲಿ ಕನ್ನಡದ ಕಿರುತೆರೆ ತಾನೇ ಒಂದು ಗಟ್ಟಿ ವೈಜ್ಞಾನಿಕ ಕಥಾಪರಂಪರೆಯನ್ನು ಕಟ್ಟಿತೇ? ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರದಲ್ಲಿ ಬರೆದ ಭಾಷೆ ನಮ್ಮದು. ಆದರೂ ಪರದೆಯ ಮೇಲೆ ಅಂಥ ಪ್ರಯತ್ನಗಳು ತೀರಾ ವಿರಳ. ಬಾಗಿಲು ಹಾಕಿದವರು ಒಳಗೆ ಒಲೆಯನ್ನಾದರೂ ಹಚ್ಚಬೇಕಿತ್ತು.

ಹಣವೂ ತಂತ್ರಜ್ಞಾನವೂ ಧಾರಾಳವಾಗಿರುವ ಅಮೆರಿಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು ಎಂದುಕೊಂಡರೆ ಅದೂ ಸುಳ್ಳು. ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿದ್ದ 'ಸ್ಟಾರ್ ಟ್ರೆಕ್'ನ ಮುಂದಿನ ಸಂತಾನಗಳಲ್ಲೊಂದು 'ವಾಯೇಜರ್'; 1995ರಿಂದ 2001ರವರೆಗೆ ನಡೆಯಿತು. ಭೂಮಿಯಿಂದ ಎಪ್ಪತ್ತು ಸಾವಿರ ಜ್ಯೋತಿರ್ವರ್ಷ ದೂರಕ್ಕೆ ಎಸೆಯಲ್ಪಟ್ಟ ನೌಕೆಯೊಂದು ಊರು ಸೇರಲು ಪಡುವ ಪಾಡು ಅದರ ಕಥೆ. ಶುರುವಿನಲ್ಲೇ ನೌಕೆಯಲ್ಲಿ ಮೂವತ್ತೆಂಟು ಟಾರ್ಪಿಡೊಗಳಿವೆ, ಮುಗಿದರೆ ಮತ್ತೆ ಸಿಗುವುದಿಲ್ಲ ಎಂದು ಹೇಳುತ್ತಾರೆ. ಎಂಥ ಒಳ್ಳೆಯ ಆರಂಭ! ಬರಗಾಲದಲ್ಲಿ ಕಣಜದ ರಾಗಿ ಎಣಿಸಿದಂತೆ. ಆದರೆ ವರ್ಷಗಳು ಕಳೆದಂತೆ ಅವರು ಹಾರಿಸಿದ ಟಾರ್ಪಿಡೊಗಳು ಮೂವತ್ತೆಂಟನ್ನು ಎಂದೋ ದಾಟಿದವು. ಕಣಜ ತುಂಬಿಸಿದವರು ಯಾರು ಎಂದು ಕಥೆ ಹೇಳಲಿಲ್ಲ. ಕೊರತೆಯೇ ಇಲ್ಲವೆಂದಾದ ಮೇಲೆ ಪಾಡಿಗೆ ಅರ್ಥವೆಲ್ಲಿ? ಏಳು ವರ್ಷ ಊರಿಗಾಗಿ ಹಂಬಲಿಸಿದವರು ಕೊನೆಯ ಕಂತಿನ ಕೊನೆಯ ನಿಮಿಷಗಳಲ್ಲಿ ಭೂಮಿಯ ಹತ್ತಿರ ಬರುತ್ತಾರೆ, ಅಲ್ಲಿಗೆ ಮುಗಿಯಿತು. ಕಾದಿದ್ದವರನ್ನು ತಬ್ಬಿಕೊಂಡದ್ದನ್ನು ನಾವು ನೋಡಲೇ ಇಲ್ಲ. ಕೊಲ್ಲಿಯ ದೇಶಗಳಿಂದ ವರ್ಷಗಟ್ಟಲೆ ನಂತರ ಮರಳುವವರನ್ನು ಕಾದ ಮನೆಗಳಿಗೆ ಗೊತ್ತು, ವಿಮಾನ ಇಳಿದಲ್ಲಿಗೆ ಕಥೆ ಮುಗಿಯುವುದಿಲ್ಲ.

ಇನ್ನೂ ಒರಟಾದ ಉದಾಹರಣೆ 'ಕ್ವಾಂಟಮ್ ಲೀಪ್'. ಕಾಲದಲ್ಲಿ ಹಿಂದಕ್ಕೆ ಹೋಗಿ ಪರರ ಬದುಕನ್ನು ಸರಿಮಾಡುವ ಸ್ಯಾಮ್ ಬೆಕೆಟ್ ಎಂಬ ವಿಜ್ಞಾನಿ ಒಂದಲ್ಲ ಒಂದು ದಿನ ಮನೆಗೆ ಮರಳುತ್ತಾನೆ ಎಂಬ ಆಸೆಯ ಮೇಲೆ ನಡೆದ ಕಥೆ. 1993ರಲ್ಲಿ ಧಾರಾವಾಹಿ ನಿಂತಾಗ ಪರದೆಯ ಮೇಲೆ ಒಂದು ಸಾಲು ಮೂಡಿತು, ಅವನು ಮನೆಗೆ ಮರಳಲೇ ಇಲ್ಲ ಎಂದು. ಅವನ ಹೆಸರಿನ ಕಾಗುಣಿತವೂ ಅದರಲ್ಲಿ ತಪ್ಪಾಗಿತ್ತು! ದುಃಖದ ಅಂತ್ಯ ಎಂಬುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಐದು ಸುತ್ತು ಜೊತೆಗಿದ್ದವನ ಕೊನೆಯನ್ನು ಒಂದು ಫಲಕದಲ್ಲಿ ಬರೆದು ಕಳಿಸುವುದು ಬೇರೆ ಮಾತು.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. 'ಬ್ಯಾಬಿಲಾನ್ 5' ಬರೆದ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಐದು ವರ್ಷದ ಕಥೆಯನ್ನು ಮೊದಲೇ ಯೋಚಿಸಿದ್ದರು. 110 ಕಂತುಗಳಲ್ಲಿ 92ನ್ನು ತಾವೇ ಬರೆದರು. ನಾಲ್ಕನೆಯ ವರ್ಷ ಧಾರಾವಾಹಿ ನಿಲ್ಲುವ ಭಯ ಬಂದಾಗ ಮುಖ್ಯ ಗಂಟುಗಳನ್ನು ಬೇಗ ಬೇಗ ಬಿಚ್ಚಿದರು, ಅಂತಿಮ ಕಂತನ್ನೂ ಚಿತ್ರೀಕರಿಸಿಬಿಟ್ಟರು. ಐದನೆಯ ವರ್ಷ ಸಿಕ್ಕಿದ್ದರಿಂದ ಅದನ್ನು ತೆಗೆದಿಟ್ಟು 1998ರಲ್ಲಿ ತೋರಿಸಿದರು. ಅವಸರದ ಗುರುತುಗಳು ಅದರಲ್ಲಿ ಉಳಿದಿವೆ, ನಿಜ. ಆದರೆ ಸಾಲಗಾರ ಊರು ಬಿಟ್ಟು ಓಡಲಿಲ್ಲ.

ಹಾಗಾದರೆ ಮುಗಿಯುವ ದಿನ ಮೊದಲೇ ಗೊತ್ತಿದ್ದರೆ ಸಾಕೇ? ಸಾಲದು. 2004ರಲ್ಲಿ ಶುರುವಾದ 'ಲಾಸ್ಟ್' ಅದಕ್ಕೆ ಸಾಕ್ಷಿ. ವಿಮಾನ ಬಿದ್ದು ದ್ವೀಪವೊಂದರಲ್ಲಿ ಉಳಿದವರ ಕಥೆ ಅದು. 2010ರಲ್ಲಿ ಮುಗಿಸುತ್ತೇವೆ ಎಂದು 2007ರಲ್ಲೇ ಸಾರಿದರು, ಹಾಗೆಯೇ ಮುಗಿಸಿದರು. ಸಮಯವಿತ್ತು, ಹಣವಿತ್ತು, ಉತ್ತರಗಳಿರಲಿಲ್ಲ. ಮೊದಲ ವರ್ಷ ವಾಲ್ಟ್ ಎಂಬ ಹುಡುಗನಲ್ಲಿ ಏನೋ ವಿಶೇಷವಿದೆ ಎಂದು ನಮ್ಮನ್ನು ಕಾಯಿಸಿದರು. ನಟಿಸುತ್ತಿದ್ದ ಬಾಲಕ ಬೇಗ ಉದ್ದ ಬೆಳೆದ. ಕಥೆಯ ಕಾಲಕ್ಕೂ ಅವನ ಎತ್ತರಕ್ಕೂ ತಾಳೆಯಾಗಲಿಲ್ಲ. ಪಾತ್ರ ಬದಿಗೆ ಸರಿಯಿತು, ಪ್ರಶ್ನೆಯೂ ಸರಿಯಿತು. ಕೊನೆಯ ಕಂತಿನಲ್ಲಿ ಪಾತ್ರಗಳು ಮರಣದ ನಂತರದ ಒಂದು ಎಡೆಯಲ್ಲಿ ಪರಸ್ಪರ ಗುರುತಿಸಿ ಅಪ್ಪಿಕೊಳ್ಳುತ್ತವೆ. ಕಣ್ಣು ತೇವವಾಗುವ ದೃಶ್ಯವೇ. ಪರಲೋಕವನ್ನು ನಂಬುವವರಿಗೂ ನಂಬದವರಿಗೂ ಅದು ಮುಟ್ಟೀತು. ಆದರೆ ದ್ವೀಪದ ಬಗ್ಗೆ ಕೇಳಿದ ಪ್ರಶ್ನೆಗೆ ಸ್ವರ್ಗದ ಬಗ್ಗೆ ಉತ್ತರ ಕೊಟ್ಟರೆ ಅದು ಉತ್ತರವಾಗುವುದಿಲ್ಲ. ಮಾತು ಮರೆಸುವುದಾಗುತ್ತದೆ.

ಎಲ್ಲ ಪ್ರಶ್ನೆಗೂ ಉತ್ತರ ಬೇಕೇಬೇಕು ಎಂಬುದು ನಮ್ಮ ಹಟವಲ್ಲ. ತೇಜಸ್ವಿಯವರ 'ಕರ್ವಾಲೋ' (1980) ಕನ್ನಡಿಗರಿಗೆ ಚಿರಪರಿಚಿತ. ವಿಜ್ಞಾನಿ ಕರ್ವಾಲೋ, ಮಂದಣ್ಣ, ಪ್ಯಾರ, ಕರಿಯಪ್ಪ ಎಲ್ಲರೂ ಕಾಡು ಸುತ್ತಿ ಹುಡುಕಿದ ಹಾರುವ ಓತಿ ಕಣ್ಣೆದುರಿನಲ್ಲೇ ಕಣಿವೆಗೆ ಹಾರಿ ಮರೆಯಾಗುತ್ತದೆ. ಕೈಗೆ ಸಿಗಲಿಲ್ಲ. ಆದರೂ ಓದುಗರಿಗೆ ಮೋಸವಾಯಿತು ಎನ್ನಿಸುವುದಿಲ್ಲ. ಏಕೆಂದರೆ ಕಥೆ ಕೊಡುತ್ತೇನೆಂದದ್ದು ಓತಿಯನ್ನಲ್ಲ, ಅದನ್ನು ಹುಡುಕುವ ಕಣ್ಣನ್ನು. ಅದನ್ನು ಕೊಟ್ಟೇ ಮುಗಿಯುತ್ತದೆ.

ಎಲ್ಲವೂ ಕನಸಾಗಿತ್ತು ಎಂದು ಮುಗಿಸುವುದು ಕಥೆಗಾರರ ಅತಿ ಸೋಮಾರಿ ಉಪಾಯ ಎನ್ನುತ್ತಾರೆ. ಅದನ್ನೂ ನ್ಯಾಯವಾಗಿ ಬಳಸಬಹುದು ಎಂದು ರುಕಿಯಾ ಸಖಾವತ್ ಹುಸೇನ್ 1905ರಲ್ಲೇ ತೋರಿಸಿದ್ದರು. ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಝಿನ್'ನಲ್ಲಿ ಬಂದ ಅವರ 'ಸುಲ್ತಾನಾಳ ಕನಸು' ಕಥೆಯಲ್ಲಿ ಹೆಂಗಸರು ನಾಡು ಆಳುತ್ತಾರೆ, ಗಂಡಸರು ಮನೆಯೊಳಗೆ ಪರದೆಯಲ್ಲಿರುತ್ತಾರೆ. ಬಿಸಿಲಿನಿಂದ ಅಡುಗೆ, ಮೋಡದಿಂದಲೇ ನೀರು, ಗಾಳಿಯಲ್ಲಿ ವಾಹನ. ಕೊನೆಗೆ ನಾಯಕಿ ಎಚ್ಚರವಾಗಿ ನೋಡಿದರೆ ತನ್ನ ಕೋಣೆಯ ಆರಾಮಕುರ್ಚಿಯಲ್ಲೇ ಇದ್ದಾಳೆ. ಇದು ಮೋಸವಲ್ಲ, ಏಕೆಂದರೆ ಕನಸು ಎಂಬ ಪದ ಶೀರ್ಷಿಕೆಯಲ್ಲೇ ಇದೆ. ಅಷ್ಟೇ ಅಲ್ಲ, ಗಂಡಸರು ಒಳಗೆ ಹೋಗಲು ಹೇಗೆ ಒಪ್ಪಿದರು ಎಂಬ ಮುಖ್ಯ ಪ್ರಶ್ನೆಯನ್ನು ಆಕೆ ತಪ್ಪಿಸಿಕೊಳ್ಳುವುದಿಲ್ಲ. ಯುದ್ಧದಲ್ಲಿ ಸೋತು ಬಂದವರು ಒಳಗೆ ಹೋದರು, ವಿಶ್ವವಿದ್ಯಾಲಯದ ಹೆಂಗಸರು ಸೂರ್ಯನ ತಾಪವನ್ನೇ ಶತ್ರುವಿನ ಮೇಲೆ ತಿರುಗಿಸಿ ಗೆದ್ದರು ಎಂದು ಕಾರಣ ಕೊಡುತ್ತಾರೆ. ಎಚ್ಚರವಾದಾಗ ನಮಗೆ ಕಾಣುವ ತೂತು ಕಥೆಯದ್ದಲ್ಲ, ನಾವು ಬದುಕುತ್ತಿರುವ ಲೋಕದ್ದು.

ರುಕಿಯಾ ಕಂಡ ಬಿಸಿಲಿನ ಶಕ್ತಿ ಈಗ ನಮ್ಮ ನೆರೆಯಲ್ಲೇ ಇದೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಪಾರ್ಕ್ 2019ರಲ್ಲಿ ಪೂರ್ಣವಾಯಿತು. ಮಳೆಯಿಲ್ಲದ ಕಲ್ಲುನೆಲದಲ್ಲಿ ನೀಲಿ ಫಲಕಗಳ ಸಾಲು ನೋಡಿದರೆ ವೈಜ್ಞಾನಿಕ ಧಾರಾವಾಹಿಯ ಸೆಟ್ಟಿನಂತೆಯೇ ಕಾಣುತ್ತದೆ. ಭೂಮಿಯನ್ನು ಕೊಂಡಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆಗೆ ಪಡೆದಿದ್ದಾರೆ. ಭೂಮಿ ಇದ್ದವರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಪಾತ್ರ ಮುಂದೆ ಏನಾಗುತ್ತದೆ? ಗುತ್ತಿಗೆ ಮುಗಿದ ಮೇಲೆ ಆ ಫಲಕಗಳು, ಆ ನೆಲ ಏನಾಗುತ್ತವೆ? ಇವು ವಾಲ್ಟ್‌ನ ಬಗ್ಗೆ ಕೇಳಿದಂಥವೇ ಪ್ರಶ್ನೆಗಳು. ಮೊದಲ ಕಂತು ವೈಭವವಾಗಿದೆ ಎಂಬ ಕಾರಣಕ್ಕೆ ಕೊನೆಯ ಕಂತಿನ ಬಗ್ಗೆ ಕೇಳಬಾರದೇ?

ಟಿ.ವಿ. ಕಥೆಯ ತೂತಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವವರಿಗೆ ನಮ್ಮ ಉತ್ತರ ಇದೇ. ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಬದುಕಿಡೀ ಹೇಳಿದರು. ಪ್ರಶ್ನಿಸುವ ಅಭ್ಯಾಸ ವಿಶ್ವವಿದ್ಯಾಲಯದಲ್ಲಿ ಶುರುವಾಗುವುದಿಲ್ಲ. ಕಥೆ ಕೇಳುವ ವಯಸ್ಸಿನಲ್ಲಿ, 'ಆಮೇಲೆ?', 'ಅದು ಹೇಗೆ?' ಎಂಬ ಎರಡು ಮಾತುಗಳಲ್ಲಿ ಶುರುವಾಗುತ್ತದೆ. ಮೊದಲನೆಯದನ್ನು ಮಾತ್ರ ಬೆಳೆಸಿ ಎರಡನೆಯದನ್ನು ಚಿವುಟಿದರೆ ಮಕ್ಕಳು ಒಳ್ಳೆಯ ಗಿರಾಕಿಗಳಾಗುತ್ತಾರೆ, ಒಳ್ಳೆಯ ನಾಗರಿಕರಾಗುವುದು ಕಷ್ಟ.

ಈಗ ಧಾರಾವಾಹಿ ಮೊಬೈಲಿಗೆ ಬಂದಿದೆ. ಸಾಲದ ಲೆಕ್ಕವೇನೂ ಬದಲಾಗಿಲ್ಲ. ಐದು ಸುತ್ತುಗಳಿಗೆಂದು ಯೋಚಿಸಿದ್ದ 'ವೆಸ್ಟ್‌ವರ್ಲ್ಡ್' ಅನ್ನು 2022ರಲ್ಲಿ ನಾಲ್ಕಕ್ಕೇ ನಿಲ್ಲಿಸಿದರು. ಆದರೆ ಜರ್ಮನಿಯ 'ಡಾರ್ಕ್' ಕಾಲಯಾನದ ಕಗ್ಗಂಟನ್ನು ಮೂರು ಸುತ್ತುಗಳಲ್ಲಿ, 26 ಕಂತುಗಳಲ್ಲಿ ಹಾಕಿ 2020ರಲ್ಲಿ ತಾನೇ ಬಿಚ್ಚಿ ತೋರಿಸಿತು. ಚಿಕ್ಕದಾಗಿ ಹೇಳಿ, ಹೇಳಿದ್ದನ್ನು ಮುಗಿಸುವುದಕ್ಕೆ ಹಾಲಿವುಡ್ಡಿನ ಹಣ ಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು. ಕನ್ನಡದ ವಾಹಿನಿಗಳು ಇಂಥದ್ದಕ್ಕೆ ಕೈ ಹಾಕುವ ದಿನ ಬಂದರೆ ಅವರಲ್ಲಿ ನಮ್ಮದು ಒಂದೇ ಕೋರಿಕೆ: ಗ್ರಾಫಿಕ್ಸ್ ಕಡಿಮೆಯಾದರೂ ಚಿಂತೆಯಿಲ್ಲ, ಮೊದಲ ಕಂತಿನ ಚಿತ್ರೀಕರಣಕ್ಕೆ ಮುಂಚೆ ಕೊನೆಯ ಕಂತನ್ನು ಬರೆದಿಡಿ. ಕೊಡಲಾಗದ್ದನ್ನು ಕೊಡುತ್ತೇವೆಂದು ಹೇಳಬೇಡಿ. ನೋಡುಗರು ದೊಡ್ಡ ಸುಳ್ಳನ್ನು ಸಂತೋಷವಾಗಿ ನಂಬುತ್ತಾರೆ, ಅದರ ಲೆಕ್ಕ ಮಾತ್ರ ಸರಿಯಾಗಿರಬೇಕು.